ಹೋರ್ಡಿಂಗ್ ಹುಡುಗಿಯ ಮನೆಮಂದಿ

ಮುಂಬೈಗೆ ಹೊಸದಾಗಿ ಹೋದವರು ಸಮುದ್ರ ನೋಡುತ್ತಾರೆ, ಲೋಕಲ್ ರೈಲು ನೋಡಿ ಬೆಚ್ಚುತ್ತಾರೆ, ಸಿನಿಮಾ ನಟರ ಮನೆಯ ಗೇಟು ನೋಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಹಿಡಿದದ್ದು ಹೋರ್ಡಿಂಗುಗಳ ಹುಚ್ಚು. ಆ ಊರಿನಲ್ಲಿ ತಲೆಯೆತ್ತಿದರೆ ಆಕಾಶಕ್ಕಿಂತ ಮೊದಲು ಸಿಗುವುದು ಅವೇ. ಮೂವತ್ತು ಅಂತಸ್ತಿನ ಫ್ಲ್ಯಾಟು, ಹೊಸ ಸಿನಿಮಾ, ಬಿಡುಗಡೆಯಾದ ಮೊಬೈಲು, ಕೈಮುಗಿದು ನಿಂತ ಕಾರ್ಪೊರೇಟರ್. ಎಲ್ಲವೂ ಏನನ್ನೋ ಕೊಳ್ಳಿ, ಯಾರನ್ನೋ ನಂಬಿ ಎಂದು ಕಿರುಚುವವೇ. 2024ರ ಮೇ ತಿಂಗಳಲ್ಲಿ ಘಾಟ್ಕೋಪರದಲ್ಲಿ ಅಂಥದ್ದೊಂದು ದೈತ್ಯ ಹೋರ್ಡಿಂಗ್ ಬಿರುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನ ಸತ್ತ ಮೇಲೆ ನಾನಂತೂ ಅವುಗಳ ಕೆಳಗೆ ನಿಲ್ಲಲು ಹಿಂಜರಿಯುತ್ತೇನೆ. ಆದರೂ ಒಂದು ಹೋರ್ಡಿಂಗ್ ಕಂಡರೆ ಮಾತ್ರ ಕಾಲು ತಾನಾಗಿ ನಿಲ್ಲುತ್ತದೆ. ನೀಲಿ ಕೂದಲು, ಚುಕ್ಕೆ ಚುಕ್ಕೆಯ ಫ್ರಾಕು, ನೆತ್ತಿಯ ಮೇಲೊಂದು ಜುಟ್ಟು, ಕೈಯಲ್ಲಿ ಬೆಣ್ಣೆ ಸವರಿದ ಬ್ರೆಡ್ಡು: ಅಮುಲ್ ಬೆಣ್ಣೆಯ ಹುಡುಗಿ. ಮೊನ್ನೆ ನಡೆದ ಚುನಾವಣೆಯ ಬಗ್ಗೆಯೋ, ನಿನ್ನೆ ಸೋತ ಕ್ರಿಕೆಟ್ ಪಂದ್ಯದ ಬಗ್ಗೆಯೋ ಒಂದು ಸಾಲಿನ ಚೇಷ್ಟೆ. ಕೊಳ್ಳಿ ಎಂಬ ಮಾತೇ ಇಲ್ಲ.

ಸಿಗ್ನಲಿನಲ್ಲಿ ನನ್ನ ಟ್ಯಾಕ್ಸಿಯವರು ಅದನ್ನು ಓದಿ ಮೀಸೆಯಡಿಯಲ್ಲಿ ನಕ್ಕರು. ಪಕ್ಕದ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಸೂಟುಧಾರಿಯೂ ನಕ್ಕ. ಒಂದೇ ಜೋಕಿಗೆ ಆ ಇಬ್ಬರನ್ನೂ ನಗಿಸುವವರು ಯಾರಪ್ಪಾ ಎಂದು ಹುಡುಕುತ್ತ ಹೊರಟದ್ದು ಹಾಗೆ.

ಗಾಜಿನ ಕಟ್ಟಡ, ಅದರ ನಾಲ್ಕಾರು ಮಹಡಿ ತುಂಬ ಲ್ಯಾಪ್‌ಟಾಪು ಹಿಡಿದ ಯುವಕ ಯುವತಿಯರು ಎಂದು ನಾನು ಕಲ್ಪಿಸಿಕೊಂಡಿದ್ದೆ. ದಶಕಗಳಿಂದ ಆ ಹುಡುಗಿಗೆ ಮಾತು ಕೊಡುತ್ತ, ರೂಪ ಕೊಡುತ್ತ ಬಂದ ಮುಖ್ಯ ಕೈಗಳು ಮೂರೇ ಜೊತೆ: ಏಜೆನ್ಸಿಯ ಮುಖ್ಯಸ್ಥ ರಾಹುಲ್ ಡಕುನ್ಹಾ, ಸಾಲು ಹೊಸೆಯುವ ಮನೀಶ್ ಜವೇರಿ, ಚಿತ್ರ ಬರೆಯುವ ಜಯಂತ್ ರಾಣೆ. ದೇಶವಿಡೀ ಓದುವ ಕಟಕಿ ಮೂವರ ನಡುವಿನ ಹರಟೆಯಲ್ಲಿ ಹುಟ್ಟುತ್ತದೆ ಎಂದರೆ ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಹುಡುಗಿ ಹುಟ್ಟಿದ್ದು 1966ರಲ್ಲಿ. ಆಗ ರಾಹುಲ್ ಅವರ ತಂದೆ ಸಿಲ್ವೆಸ್ಟರ್ ಡಕುನ್ಹಾ ಎಎಸ್‌ಪಿ ಎಂಬ ಏಜೆನ್ಸಿಯಲ್ಲಿದ್ದರು. ಕಲಾ ನಿರ್ದೇಶಕರು ಯೂಸ್ಟೇಸ್ ಫರ್ನಾಂಡಿಸ್. ಮಾರುಕಟ್ಟೆಯಲ್ಲಿ ಅಷ್ಟು ಹೊತ್ತಿಗೆ ಪೋಲ್ಸನ್ ಬೆಣ್ಣೆಯದೇ ರಾಜ್ಯಭಾರ. ಅದರ ಜಾಹೀರಾತಿನಲ್ಲೂ ಒಬ್ಬ ಬೆಣ್ಣೆ ಹುಡುಗಿ ಇದ್ದಳು. ಅವಳಿಗೆ ಸವಾಲು ಹಾಕುವ ಇನ್ನೊಬ್ಬಳು ಬೇಕಿತ್ತು. ಟೀವಿ ಇಲ್ಲದ ಕಾಲ, ಪತ್ರಿಕೆಯಲ್ಲಿ ಜಾಗ ತುಟ್ಟಿ, ಆದ್ದರಿಂದ ಬೀದಿಯೇ ಗತಿ. ಬೀದಿಯ ಹೋರ್ಡಿಂಗೆಂದರೆ ಪೇಂಟರುಗಳು ಅಟ್ಟಣಿಗೆ ಏರಿ ಕುಂಚ ಹಿಡಿದು ಬರೆಯಬೇಕು, ಕೆಲವು ವಾರಕ್ಕೆ ಅಳಿಸಿ ಮತ್ತೆ ಬರೆಯಬೇಕು. ಆದ್ದರಿಂದ ಚಿತ್ರ ಸುಲಭವಾಗಿರಬೇಕು, ಒಮ್ಮೆ ನೋಡಿದರೆ ಮರೆಯಬಾರದು. ಫರ್ನಾಂಡಿಸ್ ಅವಳಿಗೆ ದೊಡ್ಡ ಕಣ್ಣು ಕೊಟ್ಟರು, ಉಬ್ಬಿದ ಕೆನ್ನೆ ಕೊಟ್ಟರು, ಮೂಗನ್ನು ಕೊಡಲೇ ಇಲ್ಲ. ಬೇಕಾದರೆ ಮುಂದಿನ ಸಲ ಗಮನಿಸಿ. ಹುಟ್ಟಿದಾಗಿನಿಂದ ನೋಡುತ್ತ ಬಂದವರಲ್ಲೂ ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

ಚರ್ನಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ಸುತ್ತಾಡಿದೆ. ಮೊದಮೊದಲ ಹೋರ್ಡಿಂಗಿಗೆ ಜನ ಗುಂಪುಗೂಡಿ, ಏನೋ ಅಪಘಾತವಾಗಿದೆ ಎಂದು ಮಹಡಿ ಮನೆಯವರು ಓಡೋಡಿ ಇಳಿದು ಬಂದರೆಂಬ ಕತೆ ಈ ಕಡೆಯದೇ. ಹಳೆಯ ಚಾಳುಗಳ ಮರದ ಕಟಕಟೆ, ಅದರ ಮೇಲೆ ಒಣಗುವ ಸೀರೆ, ಕೆಳಗೆ ಹೂವಿನ ಗಾಡಿ ಈಗಲೂ ಇವೆ. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಗಿರಗಾಂವ್ ಚೌಪಾಟಿ. ಪಾವ್‌ಭಾಜಿಯವರು ಹಳದಿ ಬೆಣ್ಣೆಯ ಇಟ್ಟಿಗೆಯನ್ನು ಕಾವಲಿಯ ಮೇಲೆ ಎತ್ತಿ ಹಾಕುವುದನ್ನು ಕಂಡಾಗ, ಆ ಹುಡುಗಿ ಇಷ್ಟು ವರ್ಷ ಮಾಡಿದ್ದೇನು ಎಂಬುದು ಅರ್ಥವಾಯಿತು. ಮೊದಲ ಚಿತ್ರಗಳಲ್ಲಿ ಅವಳು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಬೆಣ್ಣೆಯನ್ನೇ ನೋಡುತ್ತ ಪ್ರಾರ್ಥಿಸುತ್ತಿದ್ದಳು. ಆಮೇಲೆ ಮಹಾಲಕ್ಷ್ಮಿಯ ಕುದುರೆ ಜೂಜಿನ ಸಮಯಕ್ಕೆ ಜಾಕಿಯಾದಳು. 1969ರಲ್ಲಿ ಮುಂಬೈಗೆ ಹರೇ ಕೃಷ್ಣ ಪಂಥದವರು ಬಂದಾಗ ಅವರ ಭಜನೆಯನ್ನೇ ತಿರುಚಿ ‘ಹರಿ ಅಮುಲ್, ಹರಿ ಹರಿ’ ಎಂದಳು. ಬೇಗ ಬಾ ಎಂಬ ಇಂಗ್ಲಿಷಿನ ಹರಿ. ಊರು ಮನಸೋತಿತು. ಅಲ್ಲಿಂದ ಮುಂದೆ ಊರಿನ ಸುದ್ದಿಯೇ ಅವಳ ಕಸುಬು.

ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲಿದ್ದ ಕುಂದಾಪುರದ ಕಡೆಯ ಹಿರಿಯರ ಹತ್ತಿರ ಈ ಸಂಗತಿ ತೆಗೆದೆ. “ನೀವು ಬೆಂಗಳೂರಿಂದ ಅದನ್ನ ನೋಡ್ಲಿಕ್ಕೆ ಬಂದದ್ದಾ ಮಾರಾಯ್ರೆ!” ಎಂದು ನಕ್ಕರು. ಹುಡುಗನಾಗಿ ಮುಂಬೈಗೆ ಬಂದಾಗ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಂತೆ. ಗಿರಾಕಿಗಳು ಹೋರ್ಡಿಂಗಿನ ಜೋಕನ್ನು ಹೇಳಿಕೊಂಡು ನಗುವಾಗ ತನಗೆ ತಿಳಿಯುವುದಿಲ್ಲವಲ್ಲ ಎಂದು ಸಿಟ್ಟು ಬಂದು, ರಾತ್ರಿ ಶಾಲೆಗೆ ಸೇರಿದರಂತೆ. “ಈಗ ಪೇಪರ್ ಓದುವ ಮೊದಲು ಅದನ್ನೇ ಓದುದು” ಎಂದರು. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಕೆಲಸ ಮಾಡುತ್ತಲೇ ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರ ಒಂದು ತಲೆಮಾರೇ ಇದೆ. ಅವರಲ್ಲಿ ಒಬ್ಬರಿಗೆ ಬೆಣ್ಣೆ ಹುಡುಗಿ ಮೇಡಮ್ಮು ಎಂದು ತಿಳಿದು ನನಗೆ ಖುಷಿಯಾಯಿತು.

ಡಕುನ್ಹಾ ಮನೆತನದ ಬಗ್ಗೆ ಓದಿದಷ್ಟೂ, ಇದು ವ್ಯಾಪಾರಸ್ಥರ ಮನೆಯಲ್ಲ, ನಾಟಕ ಮತ್ತು ಪುಸ್ತಕದವರ ಮನೆ ಎನ್ನುವುದು ಸ್ಪಷ್ಟವಾಗುತ್ತ ಹೋಯಿತು. ಸಿಲ್ವೆಸ್ಟರ್ ಅವರ ಅಣ್ಣ ಗರ್ಸನ್ ಇಂಗ್ಲಿಷ್ ರಂಗಭೂಮಿಯ ದೊಡ್ಡ ನಟ, ಲಿಂಟಾಸ್ ಏಜೆನ್ಸಿಯನ್ನು ನಡೆಸಿದವರು, ಆಮೇಲೆ ಯುನಿಸೆಫ್‌ಗೆ ದುಡಿದು ಕೊನೆಗೆ ಮುಂಬೈಯ ಚರಂಡಿ, ಫುಟ್‌ಪಾತಿಗಾಗಿ ಹೋರಾಡಿದವರು. ಸಿಲ್ವೆಸ್ಟರ್ ಅವರ ಪತ್ನಿ ನಿಶಾ ಇಂಗ್ಲಿಷ್ ಅಧ್ಯಾಪಕಿ, ಸಣ್ಣಕತೆಗಾರ್ತಿ. ಈ ಬೆಣ್ಣೆಯ ಪ್ರಸಿದ್ಧ ಘೋಷಣೆ ‘ಅಟರ್ಲಿ ಬಟರ್ಲಿ’ಯ ಬಟರ್ಲಿ ಅವರು ಸೇರಿಸಿದ್ದು. ಇಂಗ್ಲಿಷ್ ಕಲಿಸುವವರೇ ಇಂಗ್ಲಿಷಿನಲ್ಲಿ ಇಲ್ಲದ ಪದ ಹುಟ್ಟಿಸಿದರು! ರಾಹುಲ್ ನಾಟಕಕಾರ, ನಿರ್ದೇಶಕ. ರಜಿತ್ ಕಪೂರ್, ಶೆರ್ನಾಜ್ ಪಟೇಲ್ ಜೊತೆ ರೇಜ್ ಎಂಬ ನಾಟಕ ತಂಡ ಕಟ್ಟಿದವರು. ಜುಹುವಿನ ಪೃಥ್ವಿ ಥಿಯೇಟರಿನ ಅಂಗಳದಲ್ಲಿ ಸುಲೈಮಾನಿ ಚಹಾ ಹಿಡಿದು ಕೂತಾಗ ನನಗೆ ಆ ಹೋರ್ಡಿಂಗುಗಳ ಗುಟ್ಟು ಸ್ವಲ್ಪ ಹೊಳೆಯಿತು. ಅಲ್ಲಿ ಮೂರು ಕಡೆ ಪ್ರೇಕ್ಷಕರು, ನಡುವೆ ಸಣ್ಣ ರಂಗ. ಮುಂದಿನ ಸಾಲಿನವರ ಮುಖ ಕೈಗೆಟಕುವಷ್ಟು ಹತ್ತಿರ. ನಗು ಬಂದಿತೋ ಇಲ್ಲವೋ ಆ ಕ್ಷಣಕ್ಕೇ ತಿಳಿಯುತ್ತದೆ. ಹೋರ್ಡಿಂಗೂ ಅಂಥದೇ, ಸಿಗ್ನಲ್ ಹಸಿರಾಗುವುದರೊಳಗೆ ನಗಬೇಕು.

ನಗು ಎಲ್ಲರಿಗೂ ಹಿಡಿಸುವುದಿಲ್ಲವಲ್ಲ. ಗಣೇಶನ ಹಬ್ಬಕ್ಕೆ ‘ಗಣಪತಿ ಬಪ್ಪಾ ಮೋರ್ ಘ್ಯಾ’ ಎಂದು, ಬೆಣ್ಣೆ ಇನ್ನೂ ತಗೋ ಎಂದು ದೇವರಿಗೇ ಉಪಚಾರ ಮಾಡಿದಾಗ ಶಿವಸೇನೆಯವರು ಆಫೀಸು ಪುಡಿ ಮಾಡುವುದಾಗಿ ಗದರಿದರು. ವಿಮಾನಗಳ ಮುಷ್ಕರದ ವೇಳೆ ಚುಡಾಯಿಸಿದ್ದಕ್ಕೆ ಇಂಡಿಯನ್ ಏರ್‌ಲೈನ್ಸ್ ತನ್ನ ವಿಮಾನದಲ್ಲಿ ಈ ಬೆಣ್ಣೆಯನ್ನೇ ಬಡಿಸುವುದಿಲ್ಲ ಎಂದಿತು. ತುರ್ತು ಪರಿಸ್ಥಿತಿಯ ನಡುವೆ, ಬಲವಂತದ ಸಂತಾನಹರಣದಿಂದ ದೇಶ ನಡುಗುತ್ತಿದ್ದಾಗ, ಹುಡುಗಿ ನರ್ಸಿನ ವೇಷ ತೊಟ್ಟು, ಕಡ್ಡಾಯ ಸ್ಟೆರಿಲೈಸೇಷನ್ ನಾವು ಮೊದಲಿಂದಲೂ ಮಾಡುತ್ತಲೇ ಬಂದಿದ್ದೇವೆ ಎಂದಳು. ಹೇಳಿದ್ದು ಡೇರಿಯ ಶುಚಿತ್ವದ ಬಗ್ಗೆ. ಚುಚ್ಚಿದ್ದು ಎಲ್ಲಿಗೆ ಎಂದು ಎಲ್ಲರಿಗೂ ತಿಳಿದಿತ್ತು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದ ಹೊತ್ತು ಅದು.

ಇಷ್ಟು ಧೈರ್ಯ ಒಂದು ಏಜೆನ್ಸಿಗೆ ಎಲ್ಲಿಂದ ಬರುತ್ತದೆ? ಜಾಹೀರಾತು ಲೋಕದಲ್ಲಿ ಒಂದು ಸಾಲು ಬರೆದರೆ ಅದನ್ನು ಕಂಪನಿಯ ಹತ್ತು ಜನ ನೋಡಿ, ಒಬ್ಬೊಬ್ಬರೂ ಒಂದೊಂದು ಹಲ್ಲು ಕಿತ್ತು ವಾಪಸು ಕಳಿಸುತ್ತಾರೆ. ಇಲ್ಲಿ ಹಾಗಿರಲಿಲ್ಲ. ಒಪ್ಪಿಗೆಗೆ ಕಾಯಬೇಡಿ, ಸುದ್ದಿ ಬಿಸಿಯಾಗಿರುವಾಗಲೇ ಹಾಕಿಬಿಡಿ ಎಂದು ಅಮುಲ್‌ನ ವರ್ಗೀಸ್ ಕುರಿಯನ್ ಡಕುನ್ಹಾರಿಗೆ ಬಿಟ್ಟುಕೊಟ್ಟಿದ್ದರು. ಬಟರ್ಲಿ ಎಂಬ ಪದಕ್ಕೂ ಅವರು ಇದು ಹುಚ್ಚು, ಆದರೂ ಮಾಡಿ ಎಂದವರೇ. ನನ್ನ ಮಟ್ಟಿಗೆ ಈ ಕತೆಯ ಅತಿ ದೊಡ್ಡ ಸೃಜನಶೀಲ ಕೆಲಸ ಆ ಅನುಮತಿ. ಅದನ್ನು ಕೊಟ್ಟ ಊರು ನೋಡದೆ ವಾಪಸಾಗಲು ಮನಸ್ಸಾಗದೆ ಗುಜರಾತಿನ ರೈಲು ಹತ್ತಿದೆ.

ವಾಪಿ, ಸೂರತ್ ದಾಟಿ ಭರೂಚಿನ ಹತ್ತಿರ ನರ್ಮದೆ. ಎಷ್ಟು ಅಗಲವೆಂದರೆ ಸೇತುವೆಯ ಮೇಲೆ ರೈಲಿನ ಸದ್ದು ಬದಲಾಗಿ, ಡಬ್ಬಿಯಲ್ಲಿ ಮಾತಾಡುತ್ತಿದ್ದವರೂ ಕಿಟಕಿಯ ಕಡೆ ತಿರುಗಿದರು. ಒಬ್ಬ ಅಜ್ಜಿ ನಾಣ್ಯವೊಂದನ್ನು ಕೆಳಗೆ ಎಸೆದು ಕೈಮುಗಿದರು. ವಡೋದರ ಕಳೆದು ಸ್ವಲ್ಪ ಹೊತ್ತಿಗೆ ಆಣಂದ್. ಸುತ್ತ ತಂಬಾಕಿನ ಹೊಲ, ಬಾಳೆ, ಬೇವಿನ ನೆರಳಲ್ಲಿ ಮೆಲುಕು ಹಾಕುವ ಎಮ್ಮೆಗಳು.

1949ರ ಮೇ 13ರಂದು, ಅಮೆರಿಕದಲ್ಲಿ ಓದಿ ಬಂದ ಕುರಿಯನ್ ಸರ್ಕಾರಿ ಬಾಂಡಿನ ಒತ್ತಾಯಕ್ಕೆ ಇಲ್ಲಿ ಇಳಿದಾಗ ಅವರಿಗೆ ಒಂದೇ ಆಸೆ, ಬೇಗ ಇಲ್ಲಿಂದ ಪಾರಾಗುವುದು. ರೈತರ ಹಾಲಿನ ಸಂಘ ನಡೆಸುತ್ತಿದ್ದ ತ್ರಿಭುವನದಾಸ್ ಪಟೇಲರು ಹಿಡಿದು ನಿಲ್ಲಿಸಿದರು. ಅದಕ್ಕೂ ಮೂರು ವರ್ಷ ಹಿಂದೆ, ಪೋಲ್ಸನ್‌ಗೆ ಮಾತ್ರ ಹಾಲು ಮಾರಬೇಕೆಂಬ ಕಟ್ಟಳೆಯನ್ನು ಧಿಕ್ಕರಿಸಿ ಖೇಡಾದ ರೈತರು ಹದಿನೈದು ದಿನ ಮುಂಬೈಗೆ ಹಾಲು ಕಳಿಸಲಿಲ್ಲ. ಸರ್ದಾರ್ ಪಟೇಲರ ಸಲಹೆಯಂತೆ ತಮ್ಮದೇ ಸಂಘ ಕಟ್ಟಿದರು. ಮುಂದೆ ಅಮುಲ್ ಎನಿಸಿದ ಅದು 1946ರ ಡಿಸೆಂಬರ್ 14ರಂದು ನೋಂದಣಿಯಾಯಿತು. ಶುರುವಾದದ್ದು ಎರಡು ಹಳ್ಳಿ, ದಿನಕ್ಕೆ ಸುಮಾರು 250 ಲೀಟರ್ ಹಾಲಿನಿಂದ. ಇಂದು ಅಂಥ ಸಂಘಗಳೆಲ್ಲ ಸೇರಿದ ಗುಜರಾತಿನ ಒಕ್ಕೂಟಕ್ಕೆ ಹಾಲು ಹಾಕುವವರು 36 ಲಕ್ಷ ಕುಟುಂಬಗಳು. ಮುಂಬೈಯ ಹುಡುಗಿ ಚುಡಾಯಿಸುವುದು ಇವರ ದುಡ್ಡಿನಲ್ಲಿ.

ಸಂಜೆ ಹತ್ತಿರದ ಹಳ್ಳಿಯೊಂದಕ್ಕೆ ಹೋದೆ. ದೂಧ್ ಮಂಡಳಿಯ ಮುಂದೆ ಸ್ಟೀಲ್ ಕೊಡ ಹಿಡಿದ ಹೆಂಗಸರ ಸಾಲು. ನಮ್ಮ ಹಾಸನ, ಮಂಡ್ಯದ ಹಳ್ಳಿಗಳ ಡೇರಿಯ ಮುಂದೆ ನಿಂತಂತೆಯೇ ಇತ್ತು. ಅದೇ ಕ್ಯಾನು, ಅದೇ ಫ್ಯಾಟು ನೋಡುವ ಯಂತ್ರ, ಅಳತೆಯ ಮೇಲೆ ಅದೇ ಗೊಣಗಾಟ. ಯಾರ ಜಾತಿ ಯಾವುದಾದರೂ ಮೊದಲು ಬಂದವರು ಮುಂದೆ. ಸಾಲಿನಲ್ಲಿದ್ದ ನಡುವಯಸ್ಸಿನವರೊಬ್ಬರಿಗೆ ನನ್ನ ಹರಕು ಹಿಂದಿಯಲ್ಲಿ ಬೆಣ್ಣೆ ಹುಡುಗಿಯ ಬಗ್ಗೆ ಕೇಳಿದೆ. ಪ್ಯಾಕೆಟ್ಟಿನ ಮೇಲೆ ಇರುವವಳಾ, ಚೆನ್ನಾಗಿದ್ದಾಳೆ ಎಂದರು. ಜೋಕು? ಅದು ತಿಳಿಯದು. ಬೆಣ್ಣೆ? “ನಾವು ಮನೆಯಲ್ಲಿ ತಿನ್ನುವುದು ತುಪ್ಪ, ಭಾಯಿ. ಅದೆಲ್ಲ ಮುಂಬೈಯವರಿಗೆ.”

ಈ ಹೆಂಗಸರಿಗೆ ಬೇಕಾದ ಪ್ರಚಾರ ಬೇರೆಯೇ ಇತ್ತು. ಅದನ್ನೂ ಕುರಿಯನ್ ಮಾಡಿಸಿದರು. 1976ರ ‘ಮಂಥನ್’ ಸಿನಿಮಾಕ್ಕೆ 5 ಲಕ್ಷ ರೈತರು ತಲಾ 2 ರೂಪಾಯಿ ಕೊಟ್ಟರು. ನಿರ್ದೇಶಿಸಿದ ಶ್ಯಾಮ್ ಬೆನೆಗಲ್ ಕೂಡ ಜಾಹೀರಾತಿಗೆ ಸಾಲು ಬರೆಯುತ್ತ ಮೇಲೆ ಬಂದವರು. ಹಳ್ಳಿಗೆ ಬಂದು ಸಂಘ ಕಟ್ಟುವ ಪಶುವೈದ್ಯ ಡಾಕ್ಟರ್ ರಾವ್ ಆಗಿ ನಮ್ಮ ಗಿರೀಶ ಕಾರ್ನಾಡ್, ಜೊತೆಗೆ ಅನಂತ್ ನಾಗ್. ಆಮೇಲೆ ಅದರ ಸಣ್ಣ ರೀಲುಗಳನ್ನು ಊರೂರಿಗೆ ಹೊತ್ತು, ತೋರಿಸಿ, ಹೊಸ ಸಂಘಗಳನ್ನು ಕಟ್ಟಿಸಿದರು. 2024ರಲ್ಲಿ ಅದರ ಜೀರ್ಣೋದ್ಧಾರವಾದ ಪ್ರತಿ ಕಾನ್ ಚಿತ್ರೋತ್ಸವದಲ್ಲೂ ತೆರೆ ಕಂಡಿತು.

ನಮಗೂ ಈ ಊರಿಗೂ ನಂಟಿದೆ. ಕುರಿಯನ್ ಅಮೆರಿಕಕ್ಕೆ ಹೋಗುವ ಮೊದಲು ಡೇರಿ ಪಾಠ ಕಲಿತದ್ದು ಬೆಂಗಳೂರಿನಲ್ಲಿ. ನಮ್ಮ ಕೆಎಂಎಫ್ ಕಟ್ಟಿದ್ದು ಆಣಂದಿನ ಮಾದರಿಯಲ್ಲಿ. ನಂದಿನಿಗೆ ಡಾ. ರಾಜ್‌ಕುಮಾರ್ ಹಣ ಪಡೆಯದೆ ಜಾಹೀರಾತಿನಲ್ಲಿ ನಿಂತರು, ಮುಂದೆ ಪುನೀತ್ ಕೂಡ. ರೈತರ ಹಾಲಿಗೆ ರೈತರ ದುಡ್ಡು ತೆಗೆದುಕೊಳ್ಳುವುದುಂಟೇ ಎಂಬ ಆ ಸಂಕೋಚಕ್ಕೆ ಯಾವ ಏಜೆನ್ಸಿಯೂ ಸಮನಲ್ಲ ಎನ್ನುವುದು ನನ್ನ ಪಕ್ಷಪಾತ. 2023ರ ಏಪ್ರಿಲಿನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು ಮಾರುತ್ತೇನೆಂದಾಗ ಎದ್ದ ಗದ್ದಲ ನೆನಪಿರಬೇಕು. ಊರನ್ನೆಲ್ಲ ಚುಡಾಯಿಸುತ್ತಿದ್ದವಳ ಹೆಸರಿಗೇ ನಮ್ಮ ಬೀದಿಯಲ್ಲಿ ಧಿಕ್ಕಾರ ಬಿತ್ತು.

ಆ ವರ್ಷವೇ ಜೂನಿನಲ್ಲಿ ಸಿಲ್ವೆಸ್ಟರ್ ತೀರಿಕೊಂಡರು. ಫರ್ನಾಂಡಿಸ್ 2010ರಲ್ಲಿ, ಕುರಿಯನ್ 2012ರಲ್ಲಿ ಹೋಗಿದ್ದರು. ಹುಡುಗಿ ಈಗ ಫೋನಿನಲ್ಲೂ ಬರುತ್ತಾಳೆ, ವಾರಕ್ಕೆ ಹಲವು ಸಲ. ಪೇಂಟರ್ ಬೇಕಿಲ್ಲ. ನನಗನಿಸುವ ಮಟ್ಟಿಗೆ, ಅವಳ ಮಾತಿನಲ್ಲಿ ಈಗ ಅಭಿನಂದನೆ ಹೆಚ್ಚು, ಚಿವುಟು ಕಡಿಮೆ. ನರ್ಸಿನ ವೇಷದ ಆ ಹೋರ್ಡಿಂಗನ್ನು ಇಂದು ಯಾರಾದರೂ ಹಾಕುತ್ತಾರೆಯೇ? ಸಂಶಯ.

ಮುಂಬೈಗೆ ಹೋಗುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಒಂದು ದಿನ ಹೆಚ್ಚು ಇಟ್ಟುಕೊಂಡು ಆಣಂದ್‌ಗೂ ಹೋಗಿ ಬನ್ನಿ. ಅಲ್ಲಿನ ಅಮುಲ್ ಮ್ಯೂಸಿಯಮ್ಮನ್ನು ಹಗಲು ನೋಡಬಹುದು, ಹಳ್ಳಿಯ ದೂಧ್ ಮಂಡಳಿಗೆ ಮಾತ್ರ ಸಂಜೆ ಹಾಲು ಹಾಕುವ ಹೊತ್ತಿಗೇ ಹೋಗಬೇಕು.