ಒಳಗೆ ಹೋಗದ ತೋಟಾ

ಅಮೆರಿಕದಲ್ಲಿ ಗರಾಜು ಇರುವುದು ಕಾರು ನಿಲ್ಲಿಸುವುದಕ್ಕೆ ಎಂದು ನೀವು ತಿಳಿದಿದ್ದರೆ, ಪಾಪ, ನೀವಿನ್ನೂ ಅಲ್ಲಿನ ಗರಾಜುಗಳನ್ನು ನೋಡಿಲ್ಲ. ಕಾರು ಬೀದಿಯಲ್ಲಿ ಬಿಸಿಲು ಕಾಯುತ್ತಿರುತ್ತದೆ. ಒಳಗೆ ಒಬ್ಬ ಯಜಮಾನ ದೋಣಿ ಕಟ್ಟುತ್ತಿರುತ್ತಾನೆ, ಇನ್ನೊಬ್ಬ ಬಿಯರ್ ತಯಾರಿಸುತ್ತಿರುತ್ತಾನೆ, ಮೂರನೆಯವನು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ತನ್ನ ರೈಫಲ್ಲಿಗೆ ತಾನೇ ತೋಟಾ ಮಾಡಿಕೊಳ್ಳುತ್ತಿರುತ್ತಾನೆ. ಇವತ್ತಿನ ಮಾತು ಈ ಮೂರನೆಯವನದು.

ಅಂಗಡಿಯಲ್ಲಿ ಪೆಟ್ಟಿಗೆಗಟ್ಟಲೆ ತೋಟಾ ಸಿಗುವ ದೇಶದಲ್ಲಿ ಇವನಿಗೇಕೆ ಈ ಉಸಾಬರಿ? ಕೇಳಿದರೆ ‘ದುಡ್ಡು ಉಳಿಯುತ್ತದೆ’ ಅನ್ನುತ್ತಾನೆ. ಆಗ ಅವನ ಹೆಂಡತಿಯ ಮುಖ ಮಾತ್ರ ನೋಡಬೇಡಿ! ಉಳಿದ ದುಡ್ಡಿಗೆ ಇನ್ನಷ್ಟು ಗುಂಡು ಹಾರಿಸುತ್ತಾನೆ ಎಂಬ ಸತ್ಯ ಆಕೆಗೆ ಗೊತ್ತು. ನಿಜವಾದ ಸುಖವಿರುವುದು ಕೆಲಸದಲ್ಲೇ. ಹಾರಿಸಿದ ಹಿತ್ತಾಳೆ ಕೋಶಗಳನ್ನು ಆಯ್ದು ತಂದು, ಪ್ರೆಸ್ಸಿನಲ್ಲಿ ಒತ್ತಿ ಹಳೆಯ ಅಳತೆಗೆ ಇಳಿಸಿ, ಮದ್ದಿಗೆ ಕಿಡಿ ಕೊಡುವ ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಕೂರಿಸುವುದು. ಈ ಹುಚ್ಚಿನಿಂದ ಕಂಪನಿಗಳೂ ಹುಟ್ಟಿವೆ. 1943ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ಎಂಬಾತ ಯುದ್ಧಕಾಲದಲ್ಲಿ ಗುಂಡು ಸಿಗದೆ, ಹಾರಿಸಿ ಬಿಸಾಡಿದ .22 ಕೋಶಗಳನ್ನೇ ಗುಂಡಿನ ಹೊರಕವಚವಾಗಿಸುವ ಅಚ್ಚು ಮಾಡಿಕೊಂಡ. ಅದೇ ಮುಂದೆ ಆರ್‌ಸಿಬಿಎಸ್ ಕಂಪನಿಯಾಯಿತು.

ಇಷ್ಟೆಲ್ಲ ಮುತುವರ್ಜಿಯಿಂದ ಮಾಡಿದ ತೋಟಾ ಒಮ್ಮೊಮ್ಮೆ ರೈಫಲ್ಲಿನ ಚೇಂಬರಿನೊಳಗೆ ಹೋಗುವುದಿಲ್ಲ ಅನ್ನುತ್ತದೆ. ಮುಕ್ಕಾಲು ಹೋಗಿ ನಿಲ್ಲುತ್ತದೆ, ಬೋಲ್ಟ್ ಮುಚ್ಚದು. ಯಜಮಾನ ಮೊದಲು ರೈಫಲ್ಲನ್ನು ಬೈಯುತ್ತಾನೆ, ಆಮೇಲೆ ಹಿತ್ತಾಳೆಯನ್ನು, ಕೊನೆಗೆ ಆ ದಿನದ ಹವೆಯನ್ನು. ಅಳತೆಗೋಲು ಕೈಗೆ ಬರುವುದು ಇವರೆಲ್ಲರ ಸರದಿ ಮುಗಿದ ಮೇಲೆಯೇ.

ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿಗೆ ಈ ರೋಗವೇ ಇರಲಿಲ್ಲ ನೋಡಿ. ಮದ್ದು ಸುರಿ, ಗುಂಡು ಹಾಕು, ಗಜದಿಂದ ಜಡಿ. ಒಳ್ಳೆಯ ರೈಫಲ್ ಕೊಂಡರೆ ಅದರ ಗುಂಡು ಎರಕ ಹೊಯ್ಯುವ ಅಚ್ಚೂ ಜೊತೆಗೇ ಬರುತ್ತಿತ್ತು. 1857ರಲ್ಲಿ ಸಿಪಾಯಿಗಳಲ್ಲಿ ಎನ್‌ಫೀಲ್ಡ್ ತೋಟಾದ ಗಲಾಟೆ ಎದ್ದದ್ದು ಕೂಡ ಅಳತೆಗಲ್ಲ, ಅದಕ್ಕೆ ಸವರಿದ ಕೊಬ್ಬಿಗೆ. ಅದೇ ವರ್ಷ ನಮ್ಮ ಮುಧೋಳ ಸೀಮೆಯಲ್ಲಿ ಹಲಗಲಿಯ ಬೇಡರು, ‘ಹತಾರ ಒಪ್ಪಿಸಿ’ ಎಂದ ಕಂಪನಿ ಸರಕಾರಕ್ಕೆ ‘ಒಪ್ಪಿಸೆವು’ ಎಂದು ತಿರುಗಿಬಿದ್ದರು. ಲಾವಣಿಯಲ್ಲಿ ಇವತ್ತಿಗೂ ಬದುಕಿದ್ದಾರೆ. ಕೊಡಗಿನಲ್ಲಂತೂ ಕೈಲ್‌ಪೋಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ. ಇರಲಿ, ಬೋಲ್ಟ್ ಇನ್ನೂ ಮುಚ್ಚಿಲ್ಲ.

ಬಲ್ಲವರ ಪತ್ತೇದಾರಿಕೆ ಸರಳ. ಮೊದಲು ಮದ್ದು, ಪ್ರೈಮರ್, ಗುಂಡು ಯಾವುದೂ ಇಲ್ಲದ, ಅಳತೆಗಿಳಿಸಿದ ಖಾಲಿ ಕೋಶವನ್ನು ಚೇಂಬರಿಗಿಟ್ಟು ನೋಡು. ಅದು ಸಲೀಸಾಗಿ ಹೋದರೆ ತಪ್ಪು ಗುಂಡು ಕೂರಿಸಿದ್ದರಲ್ಲಿದೆ: ಒಂದೋ ಗುಂಡು ಮುಂದೆ ಚಾಚಿ ನಳಿಗೆಯ ಸುತ್ತುಗೆರೆಗೆ ತಾಗುತ್ತಿದೆ, ಇಲ್ಲವೇ ಗುಂಡನ್ನು ಹಿಡಿಸಲು ಬಾಯಿ ಒತ್ತುವಾಗ ಕೈ ಬಿಗಿಯಾಗಿ ಕೋಶದ ಕತ್ತಿನ ಕೆಳಗಿನ ಹೆಗಲು ಉಬ್ಬಿದೆ. ಖಾಲಿ ಕೋಶವೇ ಹೋಗದಿದ್ದರೆ ಅಳತೆಗಿಳಿಸಿದ್ದೇ ಸಾಲದು. ಸಿಡಿದಾಗ ಹಿತ್ತಾಳೆ ಉಬ್ಬಿ ಆ ಚೇಂಬರಿನ ಆಕಾರವನ್ನೇ ತಾಳುತ್ತದೆಯಲ್ಲ? ಇನ್ನೊಬ್ಬರ ಸಡಿಲ ರೈಫಲ್ಲಿನಲ್ಲಿ ಹಾರಿದ ಕೋಶ, ಮಾವನ ಮನೆಯಲ್ಲಿ ಹಬ್ಬ ಮುಗಿಸಿ ಬಂದ ಅಳಿಯನ ಅಂಗಿಯ ಹಾಗೆ, ಗುಂಡಿ ಹಾಕಲು ಬಿಡುವುದಿಲ್ಲ. ಅಳತೆಗಿಳಿಸುವಾಗ ಹಿಂದೆ ತಳ್ಳಬೇಕಾದದ್ದಾದರೂ ಎಷ್ಟು? ಸಾಮಾನ್ಯವಾಗಿ ಹೆಗಲನ್ನು 0.002 ಇಂಚು, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ! ಎಲ್ಲಿ ತಗಲುತ್ತಿದೆ ಎಂದು ತಿಳಿಯದಿದ್ದರೆ ಕೋಶಕ್ಕೆ ಮಾರ್ಕರ್ ಪೆನ್ನಿನ ಮಸಿ ಬಳಿದು ಒಳಗಿಟ್ಟು ತೆಗೆದರಾಯಿತು. ಮಸಿ ಅಳಿಸಿದ ಜಾಗವೇ ಕಳ್ಳ.

ಇವರೆಲ್ಲ ಸಾಧು ಕಳ್ಳರು. ಕೇಡಿಗ ಬೇರೆಯೇ ಇದ್ದಾನೆ. ಪ್ರತಿ ಸಲ ಹಾರಿಸಿ ಒತ್ತಿದಾಗಲೂ ಕೋಶದ ಕತ್ತು ಒಂದಿಷ್ಟು ಉದ್ದವಾಗುತ್ತದೆ. .30-06 ಎಂಬ ಪ್ರಸಿದ್ಧ ತೋಟಾವನ್ನೇ ತೆಗೆದುಕೊಳ್ಳಿ, 1906ರಿಂದ ಅಮೆರಿಕದ ಸೈನ್ಯ ಬಳಸಿದ್ದು. ಅದರ ಕೋಶ 2.494 ಇಂಚು ಮೀರುವಂತಿಲ್ಲ, ಅದಕ್ಕೇ 2.484ಕ್ಕೆ ಕತ್ತರಿಸಿಡುತ್ತಾರೆ. ಕತ್ತರಿಸಲು ಸೋಮಾರಿತನ ಮಾಡಿದಿರೋ, ಅದು ಬಿಗಿಯಾಗಿ ಹೋಗುತ್ತದೆ, ಆದರೂ ಹೋಗುತ್ತದೆ. ಒಳಗೆ ಕೋಶದ ಬಾಯಿ ಚೇಂಬರಿನ ಮುಂದಿನ ಅಂಚಿಗೆ ಒತ್ತಿ ಗುಂಡಿನ ಕತ್ತು ಹಿಸುಕಿರುತ್ತದೆ. ಕುದುರೆ ಎಳೆದಾಗ ಗುಂಡು ಬಿಡಿಸಿಕೊಳ್ಳಲಾರದೆ ಒತ್ತಡ ಎಲ್ಲಿಗೋ ಏರುತ್ತದೆ. ಆ ಸಿಡಿತದ ಹಿಂದೆಯೇ ಇರುವುದು ಯಜಮಾನನ ಕಣ್ಣು.

ಹೀಗಾಗಿ, ಒಳಗೆ ಹೋಗೆನೆಂದು ಹಟ ಹಿಡಿದ ತೋಟಾವನ್ನು ನಾನು ಬೈಯಲಾರೆ. ಅದು ಗುಟ್ಟು ಬಿಟ್ಟುಕೊಟ್ಟು ಉಪಕಾರ ಮಾಡುತ್ತಿದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ, ಆದ್ದರಿಂದ ನಿಮಗೂ ನನಗೂ ಈ ಪೇಚು ಬರಲಾರದು. ಅಲ್ಲಿ ಗರಾಜಿನಲ್ಲಿ ಕೂತ ನಂಟರು ಯಾರಾದರೂ ಇದ್ದರೆ ಫೋನಿನಲ್ಲಿ ಇಷ್ಟು ಹೇಳಿಬಿಡಿ: ಬೋಲ್ಟ್ ಮುಚ್ಚದಿದ್ದರೆ ಗುದ್ದಬೇಡ ಮಾರಾಯ, ತೆಗೆದು ಅಳೆ.