ಕೊನೆಯ ಮೂರು ಮೈಲಿ

ದೋಣಿಯ ವೇಗ ಹೆಚ್ಚಬೇಕೆಂದರೆ ದೊಡ್ಡ ಎಂಜಿನ್ ಹಾಕಿದರಾಯಿತು ಎಂಬುದು ದಡದಲ್ಲಿ ನಿಂತವರ ಲೆಕ್ಕ. ನೀರಿನ ಲೆಕ್ಕ ಬೇರೆ. ನೀರಿನ ಮೇಲೆ ಜಾರುತ್ತಾ ಓಡುವ ಸಣ್ಣ ಸ್ಪೀಡ್‌ಬೋಟ್‌ಗಳಿಗೆ ಕ್ರೌಚ್ ಸೂತ್ರ ಎಂಬ ಹಳೆಯ ಅಂದಾಜೊಂದಿದೆ. ತೂಕ ಅಷ್ಟೇ ಇದ್ದರೆ ವೇಗ ಏರುವುದು ಅಶ್ವಶಕ್ತಿಯ ವರ್ಗಮೂಲದಂತೆ. ವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. ಶೇಕಡಾ 10ರಷ್ಟು ಶಕ್ತಿ ಸೇರಿಸಿದರೆ ಸಿಗುವುದು ಶೇಕಡಾ 5ರಷ್ಟು ವೇಗ. ಉಳಿದದ್ದನ್ನು ಬೇರೆಲ್ಲಾದರೂ ಹುಡುಕಬೇಕು.

ಇದನ್ನು ನಾನು ಕಲಿತದ್ದು ಎಂ.ಟೆಕ್ ತರಗತಿಯಲ್ಲಲ್ಲ. 2012ರಲ್ಲಿ ಕಂಪನಿ ನನ್ನನ್ನು ಆನ್‌ಸೈಟ್ ಕೆಲಸಕ್ಕೆಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಕಳಿಸಿತ್ತು. ವಾಸ ಆಶ್‌ಕಾಶ್ ಎಂಬ ಊರಿನಲ್ಲಿ, ವಿನ್ನಿಬೇಗೊ ಸರೋವರದ ದಡದಲ್ಲಿ. ಸರೋವರದ ಉದ್ದ ಸುಮಾರು 48 ಕಿಲೋಮೀಟರ್. ಆಳ ಮಾತ್ರ ಎಲ್ಲಿಯೂ ಏಳು ಮೀಟರ್ ದಾಟದು. ಅದರ ದಕ್ಷಿಣ ತುದಿಯ ಫಾಂಡ್ ಡು ಲ್ಯಾಕ್‌ನಲ್ಲಿ ಮರ್ಕ್ಯುರಿ ಔಟ್‌ಬೋರ್ಡ್ ಎಂಜಿನ್‌ಗಳ ಕಾರ್ಖಾನೆ. ಹಾಗಾಗಿ ಆ ಸೀಮೆಯಲ್ಲಿ ನಮ್ಮೂರುಗಳಲ್ಲಿ ಬೈಕ್ ಬಿಚ್ಚಿ ಜೋಡಿಸುವ ಹುಡುಗರಿರುವಂತೆ ದೋಣಿ ಬಿಚ್ಚಿ ಜೋಡಿಸುವ ಮುದುಕರಿದ್ದಾರೆ. ಪಕ್ಕದ ಮನೆಯವರು ಅಂಥವರಲ್ಲೊಬ್ಬರು. ಲೇತ್ ಕೆಲಸದಿಂದ ನಿವೃತ್ತರು, ವಯಸ್ಸು ಎಪ್ಪತ್ತೊಂದು. ನಾನು ಮನಸ್ಸಿನಲ್ಲೇ ಅವರನ್ನು ದೋಣಿ ಅಜ್ಜ ಎಂದು ಕರೆಯುತ್ತಿದ್ದೆ. ನಾನು ಗಂಗೊಳ್ಳಿಯವನು, ನಾಡದೋಣಿಯ ಹಿಂದೆ ಔಟ್‌ಬೋರ್ಡ್ ಕಟ್ಟಿದ್ದನ್ನು ನೋಡುತ್ತಾ ಬೆಳೆದವನು ಎಂದು ಗೊತ್ತಾದ ದಿನವೇ ಅಜ್ಜ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ‘ನೀನು ಬರಿ, ನಾನು ಓಡಿಸುತ್ತೇನೆ’ ಎಂದರು.

ಅವರದು ಹದಿನೆಂಟು ಅಡಿಯ ಫೈಬರ್ ದೋಣಿ, ಹಿಂದೆ 150 ಅಶ್ವಶಕ್ತಿಯ ಒಂದೇ ಎಂಜಿನ್. ಮೊದಲ ಓಟದಲ್ಲಿ ಗಂಟೆಗೆ 55 ಮೈಲಿ, ಅಂದರೆ 88 ಕಿಲೋಮೀಟರ್. ಅವರಿಗೆ ಬೇಕಿದ್ದದ್ದು 70 ಮೈಲಿ. ಎಂಜಿನ್ ಬದಲಿಸುವಂತಿಲ್ಲ. ಅದು ಅಜ್ಜಿಯ ಷರತ್ತು, ದುಡ್ಡಿನ ಕಾರಣಕ್ಕೆ.

ದೋಣಿಯ ತಳದ ಬಗ್ಗೆ ಎರಡು ಮಾತು. ಚಪ್ಪಟೆ ತಳ ನೀರಿನ ಮೇಲೆ ಸುಲಭವಾಗಿ ಏಳುತ್ತದೆ, ಆದರೆ ಅಲೆಗೆ ಸಿಕ್ಕರೆ ಬಡಿದು ಬಡಿದು ಬೆನ್ನುಮೂಳೆ ಮುರಿಯುತ್ತದೆ. ವಿ ಆಕಾರದ ತಳ ಅಲೆಯನ್ನು ಸೀಳುತ್ತದೆ, ಆದರೆ ಮೇಲೇಳಲು ಹೆಚ್ಚು ಶಕ್ತಿ ಕೇಳುತ್ತದೆ. ರೇ ಹಂಟ್ ಎಂಬ ವಿನ್ಯಾಸಕಾರ ಸುಮಾರು 24 ಡಿಗ್ರಿಯ ಆಳವಾದ ವಿ ತಳವನ್ನು ಹಿಂಭಾಗದವರೆಗೂ ಎಳೆದ. ಆ ತಳದ ಮಾಪ್ಪಿ ಎಂಬ ದೋಣಿ 1960ರ ಮಯಾಮಿ-ನಾಸೌ ಪಂದ್ಯವನ್ನು ಎದ್ದ ಕಡಲಿನಲ್ಲಿ ಗೆದ್ದ ಮೇಲೆ ಜಗತ್ತಿನ ವೇಗದ ದೋಣಿಗಳ ರೂಪವೇ ಬದಲಾಯಿತು. ಅಜ್ಜನ ದೋಣಿಯದೂ ವಿ ತಳವೇ. ಆದರೆ ನಡುಗೆರೆಯ ಹಿಂಭಾಗದಲ್ಲಿ ಒಂದು ಕಿರಿದಾದ ಚಪ್ಪಟೆ ಪಟ್ಟಿ. ಇದಕ್ಕೆ ಪ್ಯಾಡ್ ಎನ್ನುತ್ತಾರೆ. ವೇಗ ಏರಿದಂತೆ ದೋಣಿ ನೀರಿನಿಂದ ಎದ್ದು, ಕೊನೆಗೆ ಆ ಪಟ್ಟಿಯ ಮೇಲಷ್ಟೇ ಓಡುತ್ತದೆ. ನೀರು ತಾಗುವ ಜಾಗ ಕಡಿಮೆಯಾದಷ್ಟೂ ಎಳೆತ ಕಡಿಮೆ.

ಹಾಗಾಗಿ ಕೆಲಸ ಶುರುವಾದದ್ದು ತಳದಿಂದ. ದೋಣಿಯನ್ನು ಟ್ರೈಲರ್‌ನಿಂದ ಎತ್ತಿ, ಹಿಂದಿನ ಐದು ಅಡಿಗೆ ಉದ್ದನೆಯ ಉಕ್ಕಿನ ಪಟ್ಟಿ ಹಿಡಿದು ನೋಡಿದೆವು. ಅಂಚಿನ ಹತ್ತಿರ ತಳ ಮೂರು ಮಿಲಿಮೀಟರ್‌ನಷ್ಟು ಕೆಳಕ್ಕೆ ಬಾಗಿತ್ತು. ಇಷ್ಟೇ ಬಾಗು ಸಾಕು, ದೋಣಿಯ ಹಿಂಭಾಗವನ್ನು ನೀರು ಎತ್ತಿ ಮೂತಿಯನ್ನು ಕೆಳಗೆ ಒತ್ತಲು. ಎರಡು ವಾರ ಮರಳು ಕಾಗದದಲ್ಲಿ ಉಜ್ಜಿ, ತಗ್ಗಿದ್ದಲ್ಲಿ ಎಪಾಕ್ಸಿ ತುಂಬಿ ನೇರ ಮಾಡಿದರು. ಹಿಂದಿನ ಅಂಚನ್ನು ಚೂಪಾಗಿ ಬಿಟ್ಟರು. ನೀರು ಅಲ್ಲಿಂದ ಕತ್ತರಿಸಿದಂತೆ ಬಿಟ್ಟುಹೋಗಬೇಕು, ಅಂಚನ್ನು ಸುತ್ತಿ ಮೇಲೇರಬಾರದು. ಆಮೇಲೆ ತೂಕ. ಎರಡನೇ ಬ್ಯಾಟರಿ, ನೆನೆದ ಕಾರ್ಪೆಟ್, ಹಿಂದಿನ ಸೀಟು ಎಲ್ಲ ಹೊರಬಂದವು.

ಮೂರನೆಯದು ಎಂಜಿನ್‌ನ ಎತ್ತರ. ಔಟ್‌ಬೋರ್ಡ್ ಎಂಜಿನ್‌ನ ಕೆಳಗಿನ ಗೇರ್‌ಪೆಟ್ಟಿಗೆ ನೀರಿನಲ್ಲಿ ಎಳೆಯುವ ಲಂಗರಿನ ಹಾಗೆ. ಅದನ್ನು ಮೇಲೆತ್ತಿದಷ್ಟೂ ಎಳೆತ ಇಳಿಯುತ್ತದೆ. ಆದರೆ ಎಂಜಿನ್ ತಂಪಾಗಲು ನೀರು ಹೀರುವ ರಂಧ್ರಗಳಿರುವುದೂ ಅಲ್ಲೇ. ಮಿತಿಮೀರಿ ಎತ್ತಿದರೆ ಅವು ಗಾಳಿ ಹೀರುತ್ತವೆ, ನಿಮಿಷಗಳಲ್ಲಿ ಎಂಜಿನ್ ಸುಟ್ಟುಹೋಗುತ್ತದೆ. ಜ್ಯಾಕ್‌ಪ್ಲೇಟ್ ಎಂಬ ಚೌಕಟ್ಟಿನಿಂದ ಅಜ್ಜ ಒಂದೊಂದು ಸಲಕ್ಕೆ ಕಾಲು ಇಂಚು ಎತ್ತುತ್ತಿದ್ದರು. ಪ್ರತಿ ಸಲವೂ ನೀರಿನ ಒತ್ತಡದ ಮೀಟರ್ ಮೇಲೆ ಕಣ್ಣು. ಪ್ರೊಪೆಲ್ಲರ್‌ನ ದಂಡ ಪ್ಯಾಡ್‌ಗಿಂತ ಐದು ಇಂಚು ಕೆಳಗಿದ್ದದ್ದು ಮೂರು ಇಂಚಿಗೆ ಬಂದಾಗ ವೇಗ 63 ಮೈಲಿ, ಎಂಜಿನ್‌ನ ಸುತ್ತು ನಿಮಿಷಕ್ಕೆ 5800. ತಯಾರಕರು ಹೇಳಿದ ಮಿತಿ 5500. ಈಗ ಪ್ರೊಪೆಲ್ಲರ್ ಬದಲಿಸುವ ಹೊತ್ತು.

ಪ್ರೊಪೆಲ್ಲರ್‌ಗೆ ಪಿಚ್ ಎಂಬ ಅಳತೆಯಿದೆ. ಮರಕ್ಕೆ ಸ್ಕ್ರೂ ಇಳಿದಂತೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ. ಎಂಜಿನ್ ಸುತ್ತನ್ನು ಗೇರ್ ಅನುಪಾತದಿಂದ ಭಾಗಿಸಿ, ಪಿಚ್‌ನಿಂದ ಗುಣಿಸಿ, 1056ರಿಂದ ಭಾಗಿಸಿದರೆ ಗಂಟೆಗೆ ಇಷ್ಟು ಮೈಲಿ ಎಂದು ಬರುತ್ತದೆ. ಆದರೆ ನೀರು ಮರವಲ್ಲ, ಜಾರುತ್ತದೆ. ಲೆಕ್ಕದ ವೇಗಕ್ಕೂ ನಿಜವಾದ ವೇಗಕ್ಕೂ ಇರುವ ವ್ಯತ್ಯಾಸವೇ ಸ್ಲಿಪ್. ಮೊದಲ ದಿನ 5300 ಸುತ್ತು, 1.87 ಅನುಪಾತ, 24 ಇಂಚಿನ ಪಿಚ್. ಲೆಕ್ಕಕ್ಕೆ 64 ಮೈಲಿ ಬರಬೇಕಿತ್ತು, ಬಂದದ್ದು 55. ಶೇಕಡಾ 15 ನೀರುಪಾಲು. ಪಿಚ್ ಒಂದು ಇಂಚು ಹೆಚ್ಚಿದರೆ ಸುತ್ತು 150ರಿಂದ 200ರಷ್ಟು ಇಳಿಯುತ್ತದೆ. ಅಂಚು ತುಸು ಮಡಚಿದ 26 ಇಂಚಿನ ಸ್ಟೀಲ್ ಪ್ರೊಪೆಲ್ಲರ್ ಹಾಕಿದಾಗ ಸುತ್ತು 5500ಕ್ಕೆ ಇಳಿಯಿತು, ಸ್ಲಿಪ್ ಶೇಕಡಾ 7ಕ್ಕೆ ಬಂತು, ವೇಗ 67 ಮೈಲಿ ಮುಟ್ಟಿತು. ಎಂಜಿನ್‌ನ ಒಳಗೆ ಸ್ಪಾರ್ಕ್ ಪ್ಲಗ್ ಬಿಟ್ಟು ಏನನ್ನೂ ಮುಟ್ಟಿರಲಿಲ್ಲ.

ಅಜ್ಜನ ಶಿಸ್ತಿಗೆ ನಮ್ಮ ಎಷ್ಟೋ ಪ್ರಾಜೆಕ್ಟ್‌ಗಳು ತಲೆಬಾಗಬೇಕು. ಒಂದು ಓಟಕ್ಕೆ ಒಂದೇ ಬದಲಾವಣೆ. ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್. ಗಾಳಿಯ ಮೋಸ ತಪ್ಪಿಸಲು ಹೋಗುವಾಗ ಒಂದು, ಬರುವಾಗ ಒಂದು ಓಟ, ಎರಡರ ಸರಾಸರಿ. ದೋಣಿಯ ಮೀಟರ್ ನಂಬುವಂತಿಲ್ಲ, ಜಿಪಿಎಸ್ ಮಾತ್ರ. ಕನ್ನಡಿಯಂಥ ನೀರಿಗಿಂತ ಸಣ್ಣ ಸುಕ್ಕು ಬಿದ್ದ ನೀರೇ ಅವರಿಗೆ ಇಷ್ಟ. ಸುಕ್ಕಿನಲ್ಲಿ ತಳ ನೀರಿಗೆ ಅಂಟಿಕೊಳ್ಳುವುದಿಲ್ಲ.

67 ದಾಟಿದ ಮೇಲೆ ಬೇರೆಯೇ ಆಟ. ಅಷ್ಟು ಹೊತ್ತಿಗೆ ದೋಣಿ ಅಂಗೈ ಅಗಲದ ಪ್ಯಾಡ್ ಮೇಲೆ ನಿಂತಿರುತ್ತದೆ. ವಿ ತಳದ ಎರಡೂ ಮಗ್ಗುಲು ಗಾಳಿಯಲ್ಲಿ. ಒಂದೇ ಎಂಜಿನ್ ಆದ್ದರಿಂದ ಪ್ರೊಪೆಲ್ಲರ್ ಬಲಕ್ಕೆ ತಿರುಗಿದಂತೆ ದೋಣಿ ಎಡಕ್ಕೆ ವಾಲುತ್ತದೆ. ಚಾಲಕನನ್ನು ಬಲಕ್ಕೆ ಕೂರಿಸಿದರೆ ಆ ವಾಲಿಕೆ ಒಂದಿಷ್ಟು ಸರಿಹೋಗುತ್ತದೆ. ಒಂದು ಮಗ್ಗುಲು ನೀರಿಗೆ ತಾಗಿದರೆ ನೀರು ಅದನ್ನು ಮೇಲಕ್ಕೆ ಒದೆಯುತ್ತದೆ, ಆಗ ಇನ್ನೊಂದು ಮಗ್ಗುಲು ತಾಗುತ್ತದೆ. ತೂಗಾಟ ಒಂದಕ್ಕಿಂತ ಒಂದು ದೊಡ್ಡದಾಗುತ್ತಾ ಹೋಗುತ್ತದೆ. ಇದಕ್ಕೆ ಚೈನ್ ವಾಕಿಂಗ್ ಎಂಬ ಹೆಸರಿದೆ. ಸ್ಟಿಯರಿಂಗ್‌ನಲ್ಲಿ ಒಂದಿಷ್ಟೂ ಸಡಿಲವಿರಬಾರದೆಂದು ಅಜ್ಜ ಹೈಡ್ರಾಲಿಕ್ ಸ್ಟಿಯರಿಂಗ್ ಹಾಕಿದ್ದರು. ಆದರೂ ತೂಗಾಟ ಶುರುವಾಗುವ ಮೊದಲೇ ಕೈ ಅದನ್ನು ಹಿಡಿಯಬೇಕು. ಸೈಕಲ್ ಬ್ಯಾಲೆನ್ಸ್ ಇದ್ದಂತೆ. ಯೋಚಿಸಿ ತಿರುಗಿಸಿದರೆ ತಡವಾಯಿತು.

ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ ಎಂಜಿನ್ ಇನ್ನೊಂದು ಕಾಲು ಇಂಚು ಮೇಲೆ ಹೋಯಿತು. ತೂಕ ಉಳಿಸಲು ನನ್ನನ್ನು ದಡದಲ್ಲೇ ಬಿಟ್ಟರು. ಲೈಫ್ ಜಾಕೆಟ್ ಬಿಗಿದು, ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ದಾರವನ್ನು ಜಾಕೆಟ್ಟಿಗೆ ಕಟ್ಟಿಕೊಂಡು ಹೊರಟರು. (ಅಲ್ಲಿ ಸಣ್ಣ ದೋಣಿಗಳಿಗೆ ಇದು ಕಾನೂನಾದದ್ದು 2021ರಲ್ಲಿ. ಅಜ್ಜ ಮೊದಲಿನಿಂದಲೂ ಕಟ್ಟುತ್ತಿದ್ದರು.) ಅಜ್ಜಿ ನನ್ನ ಪಕ್ಕದಲ್ಲಿ ಕಾಫಿ ಹಿಡಿದು ನಿಂತಿದ್ದರು. ದೋಣಿ ನಮ್ಮೆದುರು ಹಾದುಹೋದಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿತು, ಮತ್ತೆ ಬಾಗಿತು, ಮೂರನೆಯ ಸಲ ಮೂತಿಯ ಒಂದು ಮಗ್ಗುಲೇ ಕಾಣಿಸಿತು. ಅಜ್ಜಿ ಲೋಟವನ್ನು ಹಲಗೆಯ ಮೇಲಿಟ್ಟರು. ಎಂಜಿನ್‌ನ ಸದ್ದು ಮೆಲ್ಲಗೆ ಇಳಿಯಿತು. ಗಾಬರಿಯಿಂದ ಒಮ್ಮೆಲೇ ಇಳಿಸಿದ್ದರೆ ಮೂತಿ ನೀರಿಗೆ ಹೂತು ದೋಣಿ ಗಿರಕಿ ಹೊಡೆಯುತ್ತಿತ್ತು.

ದಡಕ್ಕೆ ಬಂದವರು ‘ಎಷ್ಟು?’ ಎಂದರು. ಲ್ಯಾಪ್‌ಟಾಪ್ ನೋಡಿ ‘69’ ಎಂದೆ. ತಲೆಯಾಡಿಸಿದರು. ಸ್ಪ್ಯಾನರ್ ತೆಗೆದುಕೊಂಡು ಎಂಜಿನ್ ಅನ್ನು ಅರ್ಧ ಇಂಚು ಕೆಳಗಿಳಿಸತೊಡಗಿದರು. ಇನ್ನೊಂದೇ ಮೈಲಿ ಬಾಕಿಯಲ್ಲವೇ ಎಂದು ಕೇಳಿದೆ.

‘ಆ ಮೂರು ಮೈಲಿ ದೋಣಿಯಲ್ಲಿದೆ, ನನಗೆ ಗೊತ್ತು’ ಎಂದರು. ‘ಆದರೆ ಅದನ್ನು ಹೊರತೆಗೆಯುವುದು ಕೈ. ನನ್ನ ಕೈಗೆ ಎಪ್ಪತ್ತೊಂದು ವರ್ಷ. ಕೈಗೆ ಜ್ಯಾಕ್‌ಪ್ಲೇಟ್ ಇಲ್ಲ.’

ಅಜ್ಜಿ ಏನೂ ಹೇಳಲಿಲ್ಲ. ತಣ್ಣಗಾದ ಕಾಫಿಯನ್ನು ಸರೋವರಕ್ಕೆ ಚೆಲ್ಲಿ, ಹೊಸದು ತರಲು ಒಳಗೆ ಹೋದರು.

2016ರ ಮಾರ್ಚ್‌ನಲ್ಲಿ ಮುಂಬೈಯ ಮರೀನ್ ಡ್ರೈವ್ ಎದುರು ಪಿ-1 ಪವರ್‌ಬೋಟ್ ಪಂದ್ಯ ನಡೆಯಿತು. ನಿಮ್ಮಲ್ಲಿಯೂ ಕೆಲವರು ಆ ಜನಜಂಗುಳಿಯಲ್ಲಿ ನಿಂತು ನೋಡಿರಬಹುದು. ಎಲ್ಲ ತಂಡಗಳಿಗೂ ಒಂದೇ ವಿನ್ಯಾಸದ ವಿ ತಳದ ದೋಣಿ, ಹಿಂದೆ ಒಂದೊಂದೇ ಔಟ್‌ಬೋರ್ಡ್. ಪುಣೆಯಿಂದ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎಲ್ಲ ದೋಣಿಯೂ ಒಂದೇ ಆದರೆ ಗೆಲ್ಲುವುದು ಹೇಗಪ್ಪಾ ಎಂದು ಕೇಳಿದಳು. ಚಾಲಕರ ಕೈ ನೋಡು ಎಂದೆ. ಅಷ್ಟು ದೂರದಿಂದ ಕೈ ಎಲ್ಲಿ ಕಾಣಬೇಕು! ಆದರೆ ಒಂದು ದೋಣಿ ತುಸು ತೂಗಿ, ಮತ್ತೆ ನೆಟ್ಟಗಾದದ್ದು ಅವಳಿಗೂ ಕಂಡಿತು.

ಈಗ ನನಗೂ ನಲವತ್ತು ದಾಟಿದೆ. ತಿಂಗಳಿಗೊಮ್ಮೆ ಯಾವುದಾದರೂ ಸಭೆಯಲ್ಲಿ ಯಾರಾದರೂ ಕೊನೆಯ ಶೇಕಡಾ ಐದನ್ನು ಕೇಳುತ್ತಾರೆ: ಇನ್ನೊಂದು ವಾರ ಮುಂಚೆ, ಇಬ್ಬರು ಕಡಿಮೆ ಜನ. ಅದು ಸಾಧ್ಯವಿಲ್ಲವೆಂದೇನೂ ನಾನು ಹೇಳುವುದಿಲ್ಲ. ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಯಾರ ಕೈ, ಆ ಕೈ ಈಗಾಗಲೇ ಎಷ್ಟು ರಾತ್ರಿ ನಿದ್ದೆಗೆಟ್ಟಿದೆ ಎಂದು ಕೇಳುತ್ತೇನೆ. ಕೆಲವೊಮ್ಮೆ ಎಂಜಿನ್ ಅರ್ಧ ಇಂಚು ಕೆಳಗಿಳಿಯುತ್ತದೆ, ಕೆಲವೊಮ್ಮೆ ಇಲ್ಲ.

ನೋಟ್‌ಬುಕ್ಕನ್ನು ಅಜ್ಜ ನನಗೇ ಕೊಟ್ಟರು. ಕೊನೆಯ ಪುಟದಲ್ಲಿ ಎರಡೂ ದಿಕ್ಕಿನ ಸರಾಸರಿ 67 ಎಂದು ನನ್ನ ಅಕ್ಷರದಲ್ಲಿದೆ. ಅದರ ಕೆಳಗೆ ಅವರು ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದಿದ್ದಾರೆ, ಮೊತ್ತದ ಕೆಳಗೆ ಅಂಗಡಿಯವರು ಎಳೆಯುವಂಥದು.