ಹಿರೋಶಿಮಾ: ಪರದೆಯ ಮೇಲೆ, ನೆಲದ ಮೇಲೆ

ಜಪಾನಿನ ಹೋನ್ಶು ದ್ವೀಪದ ಪಶ್ಚಿಮ ಭಾಗದಲ್ಲಿ, ಓಟಾ ನದಿ ಹಲವು ಕವಲುಗಳಾಗಿ ಒಡೆದು ಸಮುದ್ರ ಸೇರುವ ಕಡೆ ಹಿರೋಶಿಮಾ ನಗರವಿದೆ. ಇಂದು ಅಲ್ಲಿ ಸುಮಾರು 12 ಲಕ್ಷ ಜನರಿದ್ದಾರೆ. ಒಸಾಕಾದಿಂದ ಶಿಂಕಾನ್ಸೆನ್ ರೈಲಿನಲ್ಲಿ ಹೊರಟರೆ ಹೆಚ್ಚುಕಡಿಮೆ ಒಂದೂವರೆ ಗಂಟೆಯ ದಾರಿ. 2025ರ ಜುಲೈ ತಿಂಗಳಲ್ಲಿ ಒಸಾಕಾದ ಮಗಳ ಮನೆಗೆ ಹೋಗಿದ್ದಾಗ ಈ ಊರನ್ನು ನೋಡಿ ಬರುವ ಯೋಗ ನಮ್ಮ ಯಜಮಾನರಿಗೂ ನನಗೂ ಒದಗಿತು.

ಪ್ರವಾಸ ಕಥನವೆಂದೊಡನೆ ದೇವಸ್ಥಾನ, ತೋಟ, ಊಟ-ತಿಂಡಿಗಳ ಪಟ್ಟಿ ಬರುತ್ತದೆಂದು ಪುಟ ಮಗುಚಬೇಡಿ. ನಮ್ಮ ಸಂಘದ ಯುವ ಮಿತ್ರರಾದ ನೀವೆಲ್ಲ ಅಣುಬಾಂಬನ್ನು ಈಗಾಗಲೇ ನೋಡಿದ್ದೀರಿ, ಪರದೆಯ ಮೇಲೆ. 2023ರಲ್ಲಿ ಕ್ರಿಸ್ಟೋಫರ್ ನೋಲನ್ ಅವರ 'ಆಪನ್‌ಹೈಮರ್' ಬಂದಾಗ ಮುಂಬಯಿಯ ಚಿತ್ರಮಂದಿರಗಳು ತುಂಬಿದ್ದವು. ಅಣುಯುದ್ಧವಾಗಿ ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಅಮೆರಿಕವನ್ನು ತೋರಿಸುವ 'ಫಾಲೌಟ್' ಧಾರಾವಾಹಿ 2024ರಲ್ಲಿ ಬಂತು. ಅದರ ಮೂಲವಾದ ಕಂಪ್ಯೂಟರ್ ಆಟ 1997ರಷ್ಟು ಹಳೆಯದು. ಅಲೆಕ್ಸ್ ವೆಲ್ಲರ್‌ಸ್ಟೀನ್ ಎಂಬ ಇತಿಹಾಸಕಾರರು 2012ರಲ್ಲಿ ರೂಪಿಸಿದ 'ನ್ಯೂಕ್‌ಮ್ಯಾಪ್' ಎಂಬ ನಕ್ಷೆಯಲ್ಲಂತೂ ನಮಗೆ ಬೇಕಾದ ಊರಿನ ಮೇಲೆ ಬಾಂಬ್ ಇಟ್ಟು, ಎಲ್ಲಿಯವರೆಗೆ ಏನಾಗುತ್ತದೆಂದು ಬಣ್ಣದ ವೃತ್ತಗಳಲ್ಲಿ ನೋಡಬಹುದು. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನಗಳ ನಡುವೆ ಕಾಳಗ ನಡೆದ ದಿನಗಳಲ್ಲಿ ನಮ್ಮ ಕಟ್ಟಡದ ಹುಡುಗರ ಫೋನುಗಳಲ್ಲಿ ಈ ವೃತ್ತಗಳೇ ಓಡಾಡುತ್ತಿದ್ದವು. "ದಾದರಿಗೆ ಬಿದ್ದರೆ ನಮ್ಮ ಬಿಲ್ಡಿಂಗ್ ಕಿತ್ತಳೆ ಬಣ್ಣದಲ್ಲಿ ಬರುತ್ತೆ ಆಂಟಿ" ಎಂದು ಒಬ್ಬ ಹುಡುಗ ನಗುತ್ತಲೇ ತೋರಿಸಿದ.

ಅವನನ್ನು ನಾನು ದೂರುವುದಿಲ್ಲ. ಹೆದರಿಕೆಯಾದಾಗ ನಗುವುದು ಮನುಷ್ಯ ಸಹಜ. ಆದರೆ 'ದೂರದ ಬೆಟ್ಟ ನುಣ್ಣಗೆ' ಎಂದು ನಮ್ಮ ಹಿರಿಯರು ಹೇಳಿದ ಮಾತು ಅಣುಬಾಂಬಿನ ಮೋಡಕ್ಕೂ ಸಲ್ಲುತ್ತದೆ ಎಂಬುದು ನನಗೆ ಮನದಟ್ಟಾದದ್ದು ಹಿರೋಶಿಮಾದಲ್ಲಿ. ಅದನ್ನು ನಿಮ್ಮೊಡನೆ ಹಂಚಿಕೊಳ್ಳಲೆಂದೇ ಈ ಬರಹ.

ನಾವು ಹೋದಾಗ ಹಿರೋಶಿಮಾ ನಿಲ್ದಾಣದ ಹೊರಗೆ ಟ್ರಾಮ್ ಸಿಗುತ್ತಿತ್ತು. ಮುಂಬಯಿಯಲ್ಲಿ 1964ರಲ್ಲೇ ನಿಂತುಹೋದ ಟ್ರಾಮ್ ಈ ಊರಿನಲ್ಲಿ ಇನ್ನೂ ಜೀವನಾಡಿ. 'ಗೆಂಬಾಕು ಡೋಮ್' ಎಂಬ ನಿಲ್ದಾಣದಲ್ಲಿ ಇಳಿದು ರಸ್ತೆ ದಾಟಿದರೆ ಮೊತೊಯಾಸು ನದಿಯ ದಂಡೆಯಲ್ಲಿ ಆ ಪ್ರಸಿದ್ಧ ಗುಮ್ಮಟ ಕಾಣುತ್ತದೆ. ಯಾನ್ ಲೆಟ್ಜೆಲ್ ಎಂಬ ಚೆಕ್ ವಾಸ್ತುಶಿಲ್ಪಿಯ ವಿನ್ಯಾಸದಂತೆ 1915ರಲ್ಲಿ ಕಟ್ಟಿದ ವಸ್ತುಪ್ರದರ್ಶನ ಭವನವಿದು. ಈಗ ಉಳಿದಿರುವುದು ಬಿರುಕುಬಿಟ್ಟ ಗೋಡೆಗಳು ಮತ್ತು ಗುಮ್ಮಟದ ಬರಿಯ ಕಬ್ಬಿಣದ ಹಂದರ. 1996ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

1945ರ ಆಗಸ್ಟ್ 6, ಸೋಮವಾರ, ಬೆಳಿಗ್ಗೆ 8 ಗಂಟೆ 15 ನಿಮಿಷ. ಸಮೀಪದ ಐಓಯಿ ಸೇತುವೆಯೇ ಬಾಂಬಿನ ಗುರಿಯಾಗಿತ್ತು. ಅದು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿದ್ದುದರಿಂದ ವಿಮಾನದಲ್ಲಿದ್ದವರಿಗೆ ಸುಲಭವಾಗಿ ಗುರುತು ಸಿಗುತ್ತಿತ್ತು. ಬಾಂಬ್ ಗುರಿಯಿಂದ ಸ್ವಲ್ಪ ಸರಿದು, ಒಂದು ಆಸ್ಪತ್ರೆಯ ಮೇಲೆ, ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ಸುಮಾರು 2 ಕಿಲೋಮೀಟರ್ ದೂರದವರೆಗೆ ಊರು ಸುಟ್ಟು ನೆಲಸಮವಾಯಿತು. ಅಂದರೆ ಮಾಟುಂಗಾದಿಂದ ದಾದರಿನಷ್ಟು ದೂರ, ನಾಲ್ಕೂ ದಿಕ್ಕಿಗೆ. ಆ ವರ್ಷದ ಕೊನೆಯೊಳಗೆ ಸತ್ತವರು ಸುಮಾರು 1,40,000 ಮಂದಿ ಎಂದು ಅಂದಾಜು.

ಮೋಡ ಎದ್ದ ಆ ಪ್ರಸಿದ್ಧ ಚಿತ್ರವನ್ನು ತೆಗೆದದ್ದು ವಿಮಾನದಿಂದ. ಅಲ್ಲಿಂದ ನೋಡಿದರೆ ಮೋಡ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ. ಅಂದು ನೆಲದ ಮೇಲೂ ಒಂದು ಕ್ಯಾಮೆರಾ ಇತ್ತು. ಯೊಶಿತೊ ಮಾತ್ಸುಶಿಗೆ ಎಂಬ ಪತ್ರಿಕಾ ಛಾಯಾಗ್ರಾಹಕರು ಸ್ಫೋಟದ ಕೇಂದ್ರದಿಂದ 2 ಕಿಲೋಮೀಟರಿಗೆ ತುಸು ಆಚೆ, ಮಿಯುಕಿ ಸೇತುವೆಯ ಮೇಲೆ, ಸುಟ್ಟ ಮೈಯ ಶಾಲಾ ಮಕ್ಕಳ ಎದುರಿಗೆ ನಿಂತಿದ್ದರು. ಕೈ ಗುಂಡಿ ಒತ್ತಲು ಒಪ್ಪಲಿಲ್ಲ, ಕಣ್ಣು ಮಂಜಾಯಿತು ಎಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಇಡೀ ದಿನ ಊರೆಲ್ಲ ಅಲೆದ ಅವರಿಂದ ಉಳಿದು ಬಂದ ಚಿತ್ರಗಳು ಐದೇ ಐದು. ಆಮೇಲೆ ಜಗತ್ತು ಅಣುಬಾಂಬಿನ ಬಗ್ಗೆ ಎಷ್ಟು ಸಾವಿರ ದೃಶ್ಯಗಳನ್ನು ಸೃಷ್ಟಿಸಿಕೊಂಡಿದೆ ಎಂದು ಯೋಚಿಸಿದರೆ ಈ ಐದರ ತೂಕ ಗೊತ್ತಾಗುತ್ತದೆ.

ನದಿಯ ಆಚೆ ದಡದಲ್ಲಿರುವುದು ಶಾಂತಿ ಉದ್ಯಾನ. ಹುಲ್ಲುಹಾಸು, ಮರಗಳ ನೆರಳು, ಶಾಲಾ ಮಕ್ಕಳ ಸಾಲು. ನೋಡಲು ಬಹಳ ಚೆಂದ. ಆದರೆ ಇದು ಮೊದಲು ಉದ್ಯಾನವಾಗಿರಲಿಲ್ಲ. ಮನೆ, ಅಂಗಡಿ, ಸಿನಿಮಾ ಮಂದಿರಗಳಿಂದ ಕಿಕ್ಕಿರಿದಿದ್ದ ನಕಾಜಿಮಾ ಎಂಬ ಬಡಾವಣೆ. ಅಷ್ಟು ಜಾಗ ಖಾಲಿಯಾದದ್ದು ಹೇಗೆಂದು ತಿಳಿದ ಮೇಲೆ ಆ ಹುಲ್ಲಿನ ಮೇಲೆ ಕಾಲಿಡಲು ಮನಸ್ಸು ಹಿಂಜರಿಯುತ್ತದೆ.

ಉದ್ಯಾನದ ವಸ್ತುಸಂಗ್ರಹಾಲಯಕ್ಕೆ 2025ರಲ್ಲಿ ನಾವು ಹೋದಾಗ ಪ್ರವೇಶ ದರ 200 ಯೆನ್ ಇತ್ತು. ಒಳಗೆ ಒಂದು ಗಾಜಿನ ಪೆಟ್ಟಿಗೆಯಲ್ಲಿ ಸುಟ್ಟು ಕರಕಾದ ಊಟದ ಡಬ್ಬಿ ಇದೆ. ಅದು ಶಿಗೆರು ಒರಿಮೆನ್ ಎಂಬ ಹುಡುಗನದು. ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ದಾರಿ ಮಾಡುವ ಕೆಲಸಕ್ಕೆ ಅಂದು ಸಾವಿರಾರು ಶಾಲಾ ಮಕ್ಕಳನ್ನು ಹಚ್ಚಿದ್ದರು. ಅವರಲ್ಲಿ ಸುಮಾರು 6,000 ಮಕ್ಕಳು ಸತ್ತರು. ಶಿಗೆರು ಅವರಲ್ಲಿ ಒಬ್ಬ. ತಾಯಿ ಮೂರು ದಿನ ಹುಡುಕಿ, ಗುರುತು ಸಿಗದ ದೇಹದ ಅಡಿಯಲ್ಲಿದ್ದ ಈ ಡಬ್ಬಿಯಿಂದ ಮಗನನ್ನು ಗುರುತಿಸಿದಳು. ಅಕ್ಕಿ, ಜವೆಗೋಧಿ, ಸೋಯಾ ಕಾಳು ಹಾಕಿ ಬೇಯಿಸಿದ ಅನ್ನ. ಜೊತೆಗೆ ಸಣ್ಣಗೆ ಹೆಚ್ಚಿ ಹುರಿದ ಆಲೂಗಡ್ಡೆ. ಯುದ್ಧಕಾಲದ ರೇಷನ್ನಿನಲ್ಲಿ ಆಕೆ ಹೇಗೋ ಹೊಂದಿಸಿ ಕಟ್ಟಿದ ಬುತ್ತಿ. ಅದನ್ನು ತಿನ್ನಲು ಹುಡುಗ ಉಳಿಯಲಿಲ್ಲ. ದಿನ ಬೆಳಗಾದರೆ ಡಬ್ಬಿ ಕಟ್ಟುವ ಯಾವ ಹೆಂಗಸಿಗೂ ಆ ಪೆಟ್ಟಿಗೆಯ ಮುಂದಿನಿಂದ ಬೇಗ ಸರಿಯಲು ಆಗುವುದಿಲ್ಲ.

ಇನ್ನೊಂದು ಕಡೆ ತುಕ್ಕು ಹಿಡಿದ ಮೂರು ಚಕ್ರದ ಸೈಕಲ್. ನಾಲ್ಕು ವರ್ಷ ತುಂಬದ ಶಿನಿಚಿ ತೆತ್ಸುತಾನಿ ಎಂಬ ಮಗು ಅದರ ಮೇಲೆ ಆಡುತ್ತಿತ್ತು. ಅಂದೇ ರಾತ್ರಿ ಮಗು ತೀರಿಕೊಂಡಿತು. ಒಂಟಿಯಾಗಿ ಕಳಿಸಲಾರದ ತಂದೆ ಸೈಕಲನ್ನೂ ಮಗುವಿನೊಂದಿಗೆ ಹಿತ್ತಿಲಲ್ಲಿ ಹೂಳಿದರು. 40 ವರ್ಷ ಕಳೆದು 1985ರಲ್ಲಿ ಅಸ್ಥಿಗಳನ್ನು ತೆಗೆದು ಕುಟುಂಬದ ಸಮಾಧಿಗೆ ಒಯ್ದಾಗ ಸೈಕಲನ್ನು ಈ ಸಂಗ್ರಹಾಲಯಕ್ಕೆ ಕೊಟ್ಟರು.

ಈ ಸಂಗ್ರಹಾಲಯದ ಒಂದು ನಿರ್ಧಾರ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಚರ್ಮ ಸುಲಿದು, ಕೈ ಚಾಚಿ ನಡೆಯುವ ಗಾಯಾಳುಗಳ ಆಳೆತ್ತರದ ಬೊಂಬೆಗಳು ಮೊದಲು ಇಲ್ಲಿದ್ದವು. ನೋಡಿದ ಮಕ್ಕಳು ಬೆಚ್ಚಿಬೀಳುತ್ತಿದ್ದರು. 2017ರಲ್ಲಿ ಅವನ್ನು ತೆಗೆದುಹಾಕಿದರು. ತೆಗೆಯಬಾರದೆಂದು ಬಹಳ ಜನ ವಾದಿಸಿದರೂ ಸತ್ತವರು ಬಿಟ್ಟುಹೋದ ನಿಜವಾದ ವಸ್ತುಗಳನ್ನೇ ಮುಂದಿಡಬೇಕೆಂಬ ನಿಲುವು ಗೆದ್ದಿತು. 2019ರಲ್ಲಿ ಮುಖ್ಯ ಕಟ್ಟಡ ಹೊಸ ರೂಪದಲ್ಲಿ ತೆರೆಯಿತು. ಬೊಂಬೆ ಎಷ್ಟು ಘೋರವಾಗಿದ್ದರೂ ಅದು ಬೊಂಬೆ. 'ಇದು ಮಾಡಿದ್ದು' ಎಂದು ಮನಸ್ಸು ಸಮಾಧಾನ ಹೇಳಿಕೊಳ್ಳುತ್ತದೆ. ಡಬ್ಬಿಯ ಮುಂದೆ ಆ ಸಮಾಧಾನಕ್ಕೆ ಎಡೆಯಿಲ್ಲ.

ಇನ್ನು 'ಆಮೇಲೆ' ಏನಾಯಿತೆಂಬ ವಿಚಾರ. ಪರದೆಯ ಮೇಲೆ ಅಣುಯುದ್ಧದ ನಂತರದ ಲೋಕಕ್ಕೆ ಒಂದು ವಿಚಿತ್ರ ಆಕರ್ಷಣೆಯಿದೆ. ಅಲ್ಲಿ ಪರೀಕ್ಷೆಯಿಲ್ಲ, ಬಾಡಿಗೆಯಿಲ್ಲ, ಆಫೀಸಿಲ್ಲ. ಖಾಲಿ ಮರಳುಗಾಡು, ಕೈಯಲ್ಲೊಂದು ಬಂದೂಕು, ಎಲ್ಲವನ್ನೂ ಹೊಸದಾಗಿ ಶುರುಮಾಡುವ ಸ್ವಾತಂತ್ರ್ಯ. ಹಿರೋಶಿಮಾದ 'ಆಮೇಲೆ' ಹೀಗಿರಲಿಲ್ಲ. ಮೂರೇ ದಿನದಲ್ಲಿ, ಆಗಸ್ಟ್ 9ರಂದು, ಟ್ರಾಮ್ ಮಾರ್ಗದ ಒಂದು ತುಂಡಿನಲ್ಲಿ ಗಾಡಿ ಮತ್ತೆ ಓಡಿತು. ಉಳಿದವರು ಹುಳ ಬಿದ್ದ ಗಾಯಗಳನ್ನು ತೊಳೆದರು, ಹೆಣಗಳನ್ನು ಸುಟ್ಟರು, ಕಾಳಿಗಾಗಿ ಸರತಿಯಲ್ಲಿ ನಿಂತರು. ಬದುಕುಳಿದವರನ್ನು ಅಲ್ಲಿ 'ಹಿಬಾಕುಶಾ' ಎನ್ನುತ್ತಾರೆ. ಅವರ ಚಿಕಿತ್ಸೆಗೆಂದು ಸರಕಾರ ಕಾನೂನು ತಂದದ್ದು 1957ರಲ್ಲಿ, ಹನ್ನೆರಡು ವರ್ಷಗಳ ಮೇಲೆ. ಹುಟ್ಟುವ ಮಕ್ಕಳಿಗೆ ರೋಗ ಬಂದೀತೆಂಬ ಭಯದಿಂದ ಅನೇಕರಿಗೆ ಮದುವೆ ಸಂಬಂಧಗಳು ತಪ್ಪಿಹೋದವು. ಸ್ಫೋಟದ ನಂತರ ಸುರಿದ 'ಕಪ್ಪು ಮಳೆ'ಯಲ್ಲಿ ನೆನೆದ 84 ಮಂದಿ ತಮ್ಮನ್ನೂ ಸಂತ್ರಸ್ತರೆಂದು ಒಪ್ಪಬೇಕೆಂದು ಹೂಡಿದ್ದ ದಾವೆಯಲ್ಲಿ ಹೈಕೋರ್ಟು ಅವರ ಪರವಾಗಿ ತೀರ್ಪಿತ್ತದ್ದು 2021ರಲ್ಲಿ! ಇದರಲ್ಲಿ ಬಂದೂಕೂ ಇಲ್ಲ, ಸಾಹಸವೂ ಇಲ್ಲ. ಆಸ್ಪತ್ರೆ, ಕಚೇರಿ, ಕೋರ್ಟು, ಅಡುಗೆಮನೆ, ಅಷ್ಟೆ.

ಎಪ್ಪತ್ತೈದು ವರ್ಷ ಅಲ್ಲಿ ಹುಲ್ಲೂ ಹುಟ್ಟುವುದಿಲ್ಲವೆಂಬ ಸುದ್ದಿ ಆಗ ಹಬ್ಬಿತ್ತು. ಬಾಂಬ್ ಎತ್ತರದಲ್ಲಿ ಸಿಡಿದು ಬೆಂಕಿಯುಂಡೆ ನೆಲಕ್ಕೆ ತಾಗದ ಕಾರಣ ನೆಲದಲ್ಲಿ ಉಳಿದ ವಿಕಿರಣ ಬೇಗ ಇಳಿಯಿತು, ಗಿಡಗಳು ಚಿಗುರಿದವು. ಮೊದಲು ಅರಳಿದ ಹೂಗಳಲ್ಲಿ ಒಂದೆಂದು ಆ ಊರಿನವರು ನೆನೆಯುವುದು ಯಾವುದನ್ನು ಗೊತ್ತೇ? ನಮ್ಮ ಕಣಗಿಲೆಯನ್ನು! 1973ರಲ್ಲಿ ಅದನ್ನೇ ನಗರದ ಹೂವೆಂದು ಘೋಷಿಸಿದರು. ನಾವು ಹೋದಾಗ ಅದು ಅರಳುವ ಕಾಲ. ಊರಿನಲ್ಲಿ ದೇವರ ಪೂಜೆಗೆ ಬೆಳಗಿನ ಹೊತ್ತು ಬುಟ್ಟಿ ತುಂಬ ಕಿತ್ತು ತರುತ್ತಿದ್ದ ಹೂವನ್ನು ಅಲ್ಲಿ ನೋಡಿ ಗಂಟಲು ಕಟ್ಟಿತು.

ಆದರೆ ಇದರಿಂದ ಧೈರ್ಯ ತಂದುಕೊಳ್ಳುವ ಹಾಗಿಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಪರೀಕ್ಷಿಸಿದ ಬಾಂಬ್ ಹಿರೋಶಿಮಾದ್ದಕ್ಕಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ಈಗ ಒಂಬತ್ತು ದೇಶಗಳ ಬಳಿ ಸುಮಾರು 12,000 ಅಣ್ವಸ್ತ್ರಗಳಿವೆ. ಆ ಒಂಬತ್ತರಲ್ಲಿ ನಮ್ಮದೂ ಒಂದು, ನೆರೆಯದೂ ಒಂದು.

ಹಾಗಾದರೆ ಸಿನಿಮಾ ನೋಡಲೇಬಾರದೆ? ಹಾಗೆ ಹೇಳುವವಳು ನಾನಲ್ಲ. ಬಿಕಿನಿಯ ಆ ಪರೀಕ್ಷೆಯ ಬೂದಿ 'ಲಕ್ಕಿ ಡ್ರ್ಯಾಗನ್' ಎಂಬ ಜಪಾನಿ ದೋಣಿಯ 23 ಬೆಸ್ತರ ಮೇಲೆ ಬಿದ್ದಿತು. ಅವರಲ್ಲೊಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಬಂದ ಚಿತ್ರವೇ 'ಗಾಡ್ಜಿಲಾ'. ಇಂದು ನೀವು ಆಟಿಕೆಯಾಗಿ ಕಾಣುವ ಆ ರಾಕ್ಷಸ ಹುಟ್ಟಿದ್ದು ನಿಜವಾದ ಸಂಕಟದಿಂದ. 1956ರ ಅಮೆರಿಕನ್ ಆವೃತ್ತಿಯಲ್ಲಿ ಬಾಂಬ್ ಪರೀಕ್ಷೆಯ ಮಾತುಗಳನ್ನು ತೆಳುವಾಗಿಸಿದರು. ರಾಕ್ಷಸ ಉಳಿದ, ಸಂಕಟ ಮರೆಯಾಯಿತು. ಆರನೆಯ ವಯಸ್ಸಿನಲ್ಲಿ ಬಾಂಬಿಗೆ ಸಿಕ್ಕಿ ಬದುಕಿದ ಕೇಜಿ ನಕಾಜಾವಾ 1973ರಿಂದ 'ಬೇರ್‌ಫುಟ್ ಗೆನ್' ಎಂಬ ಚಿತ್ರಕಥೆ ಬರೆದರು. 1983ರ ನವೆಂಬರಿನಲ್ಲಿ ಅಮೆರಿಕದ ಟಿ.ವಿ.ಯಲ್ಲಿ 'ದಿ ಡೇ ಆಫ್ಟರ್' ಬಂದಾಗ ಸುಮಾರು 10 ಕೋಟಿ ಜನ ನೋಡಿದರು. ಅದು ತಮ್ಮನ್ನು ತೀರ ಖಿನ್ನಗೊಳಿಸಿತೆಂದು ಅಧ್ಯಕ್ಷ ರೇಗನ್ ಅವರೇ ದಿನಚರಿಯಲ್ಲಿ ಬರೆದುಕೊಂಡರು. ಇವೆಲ್ಲ ನೆಲದ ಮೇಲೆ ನಿಂತು ಹೇಳಿದ ಕಥೆಗಳು. 'ಆಪನ್‌ಹೈಮರ್' ಒಳ್ಳೆಯ ಚಿತ್ರವೇ. ಆದರೆ ಅದು ವಿಜ್ಞಾನಿಯ ಮನಸ್ಸಿನೊಳಗೇ ಉಳಿಯುತ್ತದೆ, ಹಿರೋಶಿಮಾವನ್ನು ತೋರಿಸುವುದಿಲ್ಲ. ನಮ್ಮ ದೇಶದಲ್ಲಿ ಅದರಲ್ಲಿ ಗೀತೆಯನ್ನು ಬಳಸಿದ ರೀತಿಯ ಬಗ್ಗೆ ಗಲಾಟೆಯಾಯಿತು. ಜಪಾನಿನಲ್ಲಿ ಎಂಟು ತಿಂಗಳು ತಡವಾಗಿ, 2024ರ ಮಾರ್ಚಿನಲ್ಲಿ ತೆರೆಕಂಡಾಗ ಬಹಳ ಜನ ಕೇಳಿದ್ದು ಬೇರೆಯೇ ಪ್ರಶ್ನೆ: ನಮ್ಮವರು ಎಲ್ಲಿ?

ಈ ಪ್ರಶ್ನೆಗೆ ಈಗ ಅವಸರವಿದೆ. ಹಿಬಾಕುಶಾಗಳ ಸಂಘಟನೆ 'ನಿಹೊನ್ ಹಿದಾನ್‌ಕ್ಯೊ'ಗೆ 2024ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂತು. ಆದರೆ 2025ರ ಮಾರ್ಚ್ ಕೊನೆಗೆ ಬದುಕಿದ್ದ ಹಿಬಾಕುಶಾಗಳ ಸಂಖ್ಯೆ ಮೊದಲ ಬಾರಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಅವರ ಸರಾಸರಿ ವಯಸ್ಸು 86. ಕಂಡವರು ಇಲ್ಲವಾದ ಮೇಲೆ ಉಳಿಯುವುದು ನಾವು ಮಾಡಿಕೊಂಡ ಚಿತ್ರಗಳು ಮಾತ್ರ.

ಹಿರೋಶಿಮಾದ ಮೊತೊಮಾಚಿ ಪ್ರೌಢಶಾಲೆಯ ಮಕ್ಕಳು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಅಲ್ಲಿ ಚಿತ್ರಕಲೆ ಕಲಿಯುವ ಹದಿಹರೆಯದವರು 2007ರಿಂದ ಹಿಬಾಕುಶಾಗಳ ಜೊತೆ ಕೂತು, ಅವರು ಕಂಡದ್ದನ್ನು ಕೇಳಿ, ತೈಲವರ್ಣದಲ್ಲಿ ಬಿಡಿಸುತ್ತಾರೆ. ಒಂದೊಂದು ಚಿತ್ರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನೆನಪಿಗೆ ಹೊಂದದಿದ್ದರೆ ತಿದ್ದಿ, ಮತ್ತೆ ಬಿಡಿಸಬೇಕು. ನಿಮ್ಮದೇ ವಯಸ್ಸಿನವರು, ನಿಮ್ಮ ಹಾಗೆಯೇ ಸಿನಿಮಾ, ಆಟ ಎಲ್ಲ ಬಲ್ಲವರು.

ಆದ್ದರಿಂದ ಯುವ ಮಿತ್ರರೇ, ಸಿನಿಮಾ ನೋಡಿ, ಆಟವನ್ನೂ ಆಡಿ. ಆದರೆ ಮೋಡ ಎದ್ದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ತೋರಿಸುತ್ತಿರುವವನು ಎಲ್ಲಿ ನಿಂತಿದ್ದಾನೆ, ವಿಮಾನದಲ್ಲೋ, ಸೇತುವೆಯ ಮೇಲೋ? ಯುದ್ಧದ ಮಾತು ಬಂದಾಗ ಬಾಂಬ್ ಹಾಕಿಬಿಡಬೇಕು ಎಂದು ಸುಲಭವಾಗಿ ಹೇಳುವವರು ನಮ್ಮ ಮನೆಗಳಲ್ಲೂ ಇದ್ದಾರೆ, ಹಿರಿಯರಲ್ಲೂ ಇದ್ದಾರೆ. ಅಂಥವರಿಗೆ ಆ ಡಬ್ಬಿಯ ಕಥೆಯನ್ನು ನೀವೇ ಹೇಳಿ. ಅನ್ನ, ಕಾಳು, ಹುರಿದ ಆಲೂಗಡ್ಡೆ ಎಂದು ಬಿಡಿಸಿ ಹೇಳಿ. ಕನ್ನಡದಲ್ಲೇ ಹೇಳಿ.